ಉಗುರುಸುತ್ತಿಗೆ ನಿಂಬೆಹಣ್ಣು

ಜನವರಿ 9

ಪರಮಪೂಜ್ಯ ಭಾವನವರ ಪಾದಕಮಲಗಳಿಗೆ (ತೊಳೆದಿದ್ದರೆ ಮಾತ್ರ) ಭಾಮೈದನ ನಮಸ್ಕಾರ.

ನಾನಿಲ್ಲಿ ಕ್ಷೇಮ. ನನ್ನ ಹೆಂಡತಿಯೂ ಕ್ಷೇಮ. ಕ್ಷೇಮವಾಗಿಲ್ಲದಿರುವುದು ನಮ್ಮ ಕಾರ್ಖಾನೆಯ ಪ್ರೆಸ್ಸು. ಅದಕ್ಕೇ ಈ ಕಾಗದ. ಇಲ್ಲದಿದ್ದರೆ ನಿಮ್ಮ ನೆನಪು ನನಗೇಕೆ ಬರಬೇಕು?

ಹೆಣ್ಣು ಕೊಟ್ಟವರ ಮುಂದೆ ನೀವು ನನ್ನನ್ನು ‘ಇಂಜಿನಿಯರು’ ಎಂದು ಹೊಗಳಿದಿರಿ. ಆ ಪುಣ್ಯದಿಂದ ಮದುವೆಯಾಯಿತು. ಆದರೆ ಈ ಡಬ್ಬಿ ಮುಚ್ಚಳದ ಕಾರ್ಖಾನೆಯಲ್ಲಿ ನಾನು ಇವತ್ತಿಗೂ ರಿಪೇರಿ ಎಲೆಕ್ಟ್ರಿಷಿಯನ್ನೇ. ತಗಡು ಒಳಗೆ ಹೋಗುತ್ತದೆ, ಮೇಲಿನಿಂದ ಉಕ್ಕಿನ ದಿಮ್ಮಿ ಇಳಿಯುತ್ತದೆ, ಮುಚ್ಚಳ ಹೊರಗೆ ಬೀಳುತ್ತದೆ. ಯಾವಾಗ ಇಳಿಯಬೇಕು, ಯಾವಾಗ ಏರಬೇಕು ಎಂದು ಹೇಳುವುದು ಗೋಡೆಯ ಕಪಾಟಿನಲ್ಲಿ ಕೂತಿರುವ ಬೂದು ಡಬ್ಬಿ, ನಮ್ಮ ಪಿಎಲ್‌ಸಿ. ಇಳಿಯಬೇಕಾದಾಗ ದಿಮ್ಮಿ ಈಗ ಒಮ್ಮೊಮ್ಮೆ ಇಳಿಯುವುದೇ ಇಲ್ಲ. ಕರೆದ ಮಾತಿಗೆ ಓಗೊಡದ ದೊಡ್ಡ ಮನುಷ್ಯರ ಹಾಗೆ ಮೇಲೆಯೇ ನಿಲ್ಲುತ್ತದೆ.

ಇನ್ನೊಂದು ಸಂಕಟವಿದೆ. ಪಿಎಲ್‌ಸಿಯ ನೆನಪಿನ ಬ್ಯಾಟರಿ ಸತ್ತಿದೆ. ಮೇನ್ ಸ್ವಿಚ್ಚು ತೆಗೆದರೆ ಕಲಿತದ್ದನ್ನೆಲ್ಲ ಮರೆತು, ಮದುವೆಮನೆಯ ದೂರದ ನೆಂಟನ ಹಾಗೆ ‘ತಾವು ಯಾರು ಗೊತ್ತಾಗ್ಲಿಲ್ಲ’ ಎನ್ನುತ್ತದೆ. ಹೊಸ ಬ್ಯಾಟರಿ ಕೇಳಿದರೆ ‘ಬರುತ್ತೆ’ ಎನ್ನುತ್ತಾರೆ. ಆದ್ದರಿಂದ ಕರೆಂಟು ತೆಗೆಯದೆಯೇ ಎಲ್ಲ ರಿಪೇರಿ ಮಾಡಬೇಕೆಂದು ಮ್ಯಾನೇಜರರ ಆಜ್ಞೆ. ಈ ಮ್ಯಾನೇಜರರಿಗೆ ಬರುವುದು ಒಂದೇ ಮಾತು, ‘ಎಷ್ಟೊತ್ತು?’ ಹೆಂಡತಿ ಹೆರಿಗೆ ಮನೆಯಲ್ಲಿದ್ದಾಗಲೂ ಡಾಕ್ಟರನ್ನು ಇದೇ ಕೇಳಿದರಂತೆ. ನಾವು ಅವರನ್ನು ಎಷ್ಟೊತ್ತು ಸಾಹೇಬರು ಎಂದೇ ಕರೆಯುತ್ತೇವೆ.

ಪ್ರೆಸ್ಸು ಸರಿಹೋಗದಿದ್ದರೆ ಅದನ್ನು ಗುಜರಿಗೂ ನನ್ನನ್ನು ಮನೆಗೂ ಕಳಿಸುವ ಮಾತು ನಡೆದಿದೆ. ಗುರುಗಳೇ, ದಾರಿ ತೋರಿಸಿ.

ನಿಮ್ಮ ಭಾಮೈದ

---

ಜನವರಿ 17

ಭಾಮೈದರಾಯನಿಗೆ ಆಶೀರ್ವಾದ.

ಪಾದ ತೊಳೆದಿದ್ದೇನೆ.

ಬಾಯ್ಲರಿನ ಪಕ್ಕದಲ್ಲಿ ಜೀವಮಾನ ಕಳೆದ ನನ್ನ ಕಿವಿಗಳು ಈಗ ಪೂರ್ತಿ ನಿವೃತ್ತಿ ತೆಗೆದುಕೊಂಡಿವೆ. ನನ್ನ ರಿಪೇರಿ ಅಂಗಡಿಯ ಫೋನನ್ನೂ ತೆಗೆಸಿಬಿಟ್ಟೆ, ಕೇಳದವನಿಗೆ ಗಂಟೆಯೇಕೆ? ನಿನ್ನ ಅಕ್ಕ ಮಾತ್ರ ಬೈಗುಳ ನಿಲ್ಲಿಸಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸುವುದು ಎಂದರೆ ಏನೆಂದು ಇಬ್ಬರಿಗೂ ಈಗ ಅರ್ಥವಾಗಿದೆ. ಆ ಬಾಯಿಗೆ ಕಿನ್ನರಿ ಎನ್ನಬಹುದೋ ಎಂಬುದಷ್ಟೇ ನನ್ನ ತಕರಾರು.

ಇನ್ನು ಪಾಠ. ಪಿಎಲ್‌ಸಿಗೆ ಕಣ್ಣಿದೆ, ತಲೆಯಿದೆ, ಕೈಯಿದೆ. ಗುಂಡಿ ಒತ್ತಿದ್ದನ್ನು ನೋಡುವ ಕಾರ್ಡು ಕಣ್ಣು. ಎಣ್ಣೆ ಬಿಟ್ಟು ದಿಮ್ಮಿ ಇಳಿಸುವ ವಾಲ್ವಿಗೆ ಕರೆಂಟು ಕೊಡುವ ಕಾರ್ಡು ಕೈ. ಆ ಕೈಯ ಕಾರ್ಡಿನ ಮೇಲೆ ಸಾಲಾಗಿ ಪುಟ್ಟ ದೀಪಗಳಿವೆಯಲ್ಲ, ನೋಡು. ದೀಪ ಹೊತ್ತಿದೆ ಎಂದರೆ ತಲೆ ‘ಇಳಿ’ ಎಂದಿದೆ. ಆದರೂ ದಿಮ್ಮಿ ಇಳಿಯದಿದ್ದರೆ ಕಳ್ಳ ಕಾರ್ಡೋ ವೈರೋ ವಾಲ್ವೋ. ಆಗ ವಾಲ್ವಿನ ವೈರನ್ನು ಕಾರ್ಡಿನಲ್ಲೇ ಪಕ್ಕದ ಮನೆಗೆ, ಅಂದರೆ ಪಕ್ಕದ ಸ್ಕ್ರೂವಿಗೆ ಬದಲಿಸು. ರೋಗ ವೈರಿನ ಜೊತೆ ಹೋದರೆ ದೋಷ ಹೊರಗಿನದು, ಹಳೆ ಮನೆಯಲ್ಲೇ ಉಳಿದರೆ ಕಾರ್ಡಿನದು. ಅತ್ತೆ ಸೊಸೆ ಜಗಳಕ್ಕೂ ಇದೇ ಪರೀಕ್ಷೆ. ಸೊಸೆಯನ್ನು ತಿಂಗಳು ತವರಿಗೆ ಕಳಿಸಿ ನೋಡು, ಜಗಳ ಅಲ್ಲಿಗೂ ಹೋಯಿತೋ, ಮನೆಯಲ್ಲೇ ಉಳಿಯಿತೋ ಎಂದು.

ಕೊನೆಯದಾಗಿ ಒಂದು ಏಟು. ಸ್ಕ್ರೂಡ್ರೈವರಿನ ಹಿಡಿಯಿಂದ ಕಾರ್ಡಿನ ತಲೆಗೆ, ಮಗುವನ್ನು ಎಬ್ಬಿಸುವಷ್ಟೇ ಮೆಲ್ಲಗೆ. ಏಟಿಗೆ ಸರಿಹೋದರೆ ಒಳಗಿನ ರಿಲೇ, ಅಂದರೆ ಕರೆಂಟನ್ನು ಕೂಡಿಸಿ ಬಿಡಿಸುವ ಪುಟ್ಟ ಸ್ವಿಚ್ಚು, ಸಡಿಲ ಎಂದರ್ಥ. ಕಾರ್ಡು ಕೆಟ್ಟಿದ್ದರೆ ನನಗೆ ಪಾರ್ಸೆಲ್ ಮಾಡು. ತಯಾರಿಸಿದ ಕಂಪನಿಯವರೇ ಕೈ ಚೆಲ್ಲಿದ ಕಾರ್ಡುಗಳು ನನ್ನ ಮೇಜಿನ ಮೇಲೆ ಎದ್ದು ಕೂತಿವೆ.

ಅಕ್ಷರ ದೊಡ್ಡದಾಗಿ ಬರೆ. ಇರುವೆಗಳ ಮೆರವಣಿಗೆ ಓದಲು ನನಗೆ ಪುರುಸೊತ್ತಿಲ್ಲ.

ನಿನ್ನ ಭಾವ

---

ಜನವರಿ 28

ಭಾವನವರಿಗೆ,

ಸೊಸೆಯನ್ನು ತವರಿಗೆ ಕಳಿಸಿದೆ. ಜಗಳ ಮನೆಯಲ್ಲೇ ಉಳಿಯಿತು. ಏಟು ಕೊಟ್ಟೆ, ದಿಮ್ಮಿ ಇಳಿಯಿತು. ಕಾರ್ಡಿನದೇ ದೋಷ, ಸಂಶಯವಿಲ್ಲ. ಎಷ್ಟೊತ್ತು ಸಾಹೇಬರು ಏಟನ್ನು ನೋಡಿ, ‘ಇಷ್ಟೇನಾ? ಹಾಗಾದ್ರೆ ದಿನಾ ಕೊಡ್ತಾ ಇರು’ ಎಂದರು. ಕಾಲಿಗೆ ಬಿದ್ದು ಕಾರ್ಡು ಬಿಚ್ಚಿಸಿಕೊಂಡಿದ್ದೇನೆ. ಪ್ರೆಸ್ಸು ನಿಂತಿದೆ, ಮುಚ್ಚಳವಿಲ್ಲದ ಡಬ್ಬಿಗಳೆಲ್ಲ ಬಾಯಿ ತೆರೆದು ನನ್ನನ್ನೇ ನೋಡುತ್ತಿವೆ.

ಈ ಅಕ್ಷರ ಸಾಕೋ, ಇನ್ನೂ ಊದಿಸಲೋ? ನನ್ನ ಬರಹದ ಮೇಲೆ ನಿಮಗೆ ಮದುವೆಯ ಕಾಲದಿಂದಲೂ ಹೊಟ್ಟೆಕಿಚ್ಚು.

ಭಾಮೈದ

---

ಫೆಬ್ರವರಿ 12

ಭಾಮೈದನಿಗೆ,

ಕಾರ್ಡಿನ ರಿಲೇಗಳೆಲ್ಲ ಹಲ್ಲುದುರಿದ ಮುದುಕರಾಗಿದ್ದವು. ಎಲ್ಲವನ್ನೂ ಕಿತ್ತು ಹೊಸವನ್ನು ಕೂರಿಸಿದ್ದೇನೆ. ಗುಜರಿಯವನ ಹತ್ತಿರ ಒಂದು ಪೊಟ್ಟಣ ಸಿಕ್ಕಿತು, ಪೊಟ್ಟಣವನ್ನೇ ಬಿಚ್ಚಿರಲಿಲ್ಲ. ಎಂಟು ಆಂಪಿಯರಿನವು. ನಿನ್ನ ವಾಲ್ವಿರಲಿ, ಆನೆಯನ್ನೇ ಕಟ್ಟಬಹುದು.

ಬೆಸುಗೆ ಹಾಕುವಾಗ ನಿನ್ನ ಅಕ್ಕ ಬೆನ್ನ ಹಿಂದೆ ನಿಂತಿದ್ದಳು. ಕೈ ಬೀಸಿ ಏನೋ ಹೇಳಿದಳು. ‘ಇನ್ನೊಂದು ದೀಪ ತರಲಾ?’ ಎಂದಿರಬೇಕು. ಕೆಲಸ ಬಲ್ಲವನ ಬೆರಳಿಗೇ ಕಣ್ಣಿರುತ್ತದೆ ಎಂದು ಹೇಳಿ ಕಳಿಸಿದೆ. ಈಚೆಗೆ ಅವಳಿಗೆ ನನ್ನ ಕಣ್ಣಿನ ಮೇಲೆ ವಿಪರೀತ ಕಾಳಜಿ. ಕಿವಿ ಹೋಗುವಾಗ ಮಾತ್ರ ಯಾವ ಕಾಳಜಿಯೂ ಇರಲಿಲ್ಲ, ಹೋದದ್ದಕ್ಕೆ ಅವಳೇ ಅರ್ಧ ಕಾರಣ.

ಕಾರ್ಡು ಕೂರಿಸಿ ಹೇಗಿದೆ ಬರೆ. ನಿನ್ನ ಕೆಲಸ ಉಳಿದರೆ ನನಗೊಂದು ಒಳ್ಳೆಯ ಮಾತು ಸಾಕು.

ಭಾವ

---

ಮಾರ್ಚ್ 3

ಭಾವನವರಿಗೆ,

ನನ್ನ ಕೆಲಸ ಉಳಿದಿದೆ. ಕಾರ್ಡು ಕೂರಿಸಿದ ದಿನ ಎಷ್ಟೊತ್ತು ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, ‘ನಿಮ್ಮ ಭಾವ ಎಲ್ಲಿ ಓದಿದ್ದು?’ ಎಂದು ಕೇಳಿದರು. ಬಾಯ್ಲರ್ ವಿಶ್ವವಿದ್ಯಾಲಯದಲ್ಲಿ ಎಂದೆ. ಗಂಭೀರವಾಗಿ ತಲೆದೂಗಿದರು.

ಒಂದು ಸಣ್ಣ ವಿಷಯ. ಮೊದಲು ದಿಮ್ಮಿ ಇಳಿಯುತ್ತಿರಲಿಲ್ಲ, ಈಗ ಇಳಿದದ್ದು ಒಮ್ಮೊಮ್ಮೆ ಏರಲು ಸತಾಯಿಸುತ್ತದೆ. ಊಟಕ್ಕೆ ಕೂತ ನೆಂಟ ಏಳದ ಹಾಗೆ. ದೀಪವೇನೋ ಸರಿಯಾಗಿ ಆರಿರುತ್ತದೆ, ದಿಮ್ಮಿ ಮಾತ್ರ ಕೆಳಗೇ. ಕಾರ್ಡಿಗೆ ನಿಮ್ಮ ಪ್ರಸಿದ್ಧ ಏಟು ಕೊಟ್ಟರೆ ಎದ್ದು ಹೋಗುತ್ತದೆ. ಪ್ರೆಸ್ಸಿನ ಮುಂದೆ ನಿಲ್ಲುವವರೂ ಈಗ ಏಟು ಕಲಿತಿದ್ದಾರೆ. ಸ್ಕ್ರೂಡ್ರೈವರನ್ನು ಕಪಾಟಿಗೆ ದಾರದಲ್ಲಿ ಕಟ್ಟಿ ನೇತುಹಾಕಿದ್ದೇವೆ.

ನಿಮ್ಮ ಕಾರ್ಡಿನಲ್ಲೇ ಏನಾದರೂ ಐಬು ಇರಬಹುದೇ?

ಭಾಮೈದ

---

ಮಾರ್ಚ್ 10

ಭಾಮೈದನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಐಬು ಎಂಬ ಪದವನ್ನು ಮೂರು ಸಲ.

ಮಗನೇ, ದೀಪ ಆರಿದೆ ಎಂದು ನೀನೇ ಬರೆದಿದ್ದೀಯ. ದೀಪ ಆರಿತು ಎಂದರೆ ಕಾರ್ಡು ಕೈ ತೊಳೆದುಕೊಂಡಿತು ಎಂದರ್ಥ. ಆಮೇಲೂ ದಿಮ್ಮಿ ಕೆಳಗೇ ಕೂತರೆ ಅದು ವಾಲ್ವಿನ ಸೋಮಾರಿತನ. ಒಳಗೆ ಕೊಳೆ ಎಣ್ಣೆ ಗಟ್ಟಿಯಾಗಿದೆ, ಬಿಚ್ಚಿ ತೊಳೆಸು. ಏಟಿಗೆ ಏಳುತ್ತದೆ ಎನ್ನುತ್ತೀಯ. ಕಪಾಟಿಗೆ ಕೊಟ್ಟ ಏಟು ಪೈಪಿನ ಮೂಲಕ ವಾಲ್ವಿಗೂ ಮುಟ್ಟುತ್ತದೆ, ನಿನ್ನ ಏಟು ಹೇಗಿರುತ್ತದೆ ಎಂದು ನನಗೆ ಗೊತ್ತಿಲ್ಲವೇ?

ನನ್ನ ಕಾರ್ಡು ಇದುವರೆಗೆ ಯಾರಿಗೂ ಕೈಕೊಟ್ಟಿಲ್ಲ. ಬೇಕಾದರೆ ಬರೆದು ಗೋಡೆಗೆ ಅಂಟಿಸು. ದೀಪ ಆರಿದ್ದರೆ ಧೈರ್ಯವಾಗಿ ಕೆಲಸ ಮಾಡು.

ನನಗೇನೂ ಕೋಪವಿಲ್ಲ. ನಿನ್ನ ಅಕ್ಕ ‘ಕೋಪ ಬಂದಿದೆ’ ಎಂದು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಾಳೆ. ಅವಳ ಕಾಗುಣಿತ ತಪ್ಪು.

ಭಾವ

---

ಏಪ್ರಿಲ್ 10

ಭಾವನವರಿಗೆ,

ಬಹಳ ದಿನ ಬರೆಯಲಾಗಲಿಲ್ಲ. ಬಲಗೈ ಹೆಬ್ಬೆರಳಿಗೆ ಉಗುರುಸುತ್ತು. ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಗಬೇಡಿ.

ಕಾರ್ಡು ಗಡಿಯಾರದ ಹಾಗೆ ನಡೆಯುತ್ತಿದೆ. ನಿಮ್ಮ ಮಾತು ಸರಿ, ವಾಲ್ವಿನದೇ ದೋಷ. ನನ್ನನ್ನು ರಿಪೇರಿಯಿಂದ ಸ್ಟೋರಿಗೆ ಹಾಕಿದ್ದಾರೆ. ಕುರ್ಚಿ, ಮೇಜು, ಫ್ಯಾನು. ಬಡ್ತಿ ಎಂದೇ ತಿಳಿಯಿರಿ.

ಅಕ್ಕ ಬರುತ್ತೇನೆ ಎಂದರೆ ಈಗ ಬೇಡವೆನ್ನಿ. ಮನೆಗೆ ಸುಣ್ಣ ಹೊಡೆಸುತ್ತಿದ್ದೇವೆ.

ಭಾಮೈದ

---

ಏಪ್ರಿಲ್ 22

ಸ್ಟೋರಾಧಿಪತಿ ಭಾಮೈದರಿಗೆ ಬಡ ಭಾವನ ದೀರ್ಘದಂಡ ನಮಸ್ಕಾರ.

ಅಂತೂ ಅಕ್ಷರ ದೊಡ್ಡದಾಗಿ ಬರೆದೆ, ಸಂತೋಷ. ಹೆಂಡ ಕುಡಿದ ಏಡಿ ನಡೆದ ಹಾಗಿದೆ, ಆದರೂ ಓದಲು ಹಿತವಾಗಿತ್ತು. ಇನ್ನು ಮುಂದೆ ಎಡಗೈಯಲ್ಲೇ ಬರೆ.

ಉಗುರುಸುತ್ತಿಗೆ ಮದ್ದು ಗೊತ್ತಿಲ್ಲವೇ? ನಿಂಬೆಹಣ್ಣಿಗೆ ತೂತು ಕೊರೆದು ಬೆರಳಿಗೆ ಸಿಕ್ಕಿಸಿಕೋ. ಟೋಪಿ ಹಾಕಿದ ಹೆಬ್ಬೆರಳನ್ನು ಎತ್ತಿಕೊಂಡು ಸ್ಟೋರಿನಲ್ಲಿ ಓಡಾಡಿದರೆ ಎಲ್ಲರೂ ಹೆದರುತ್ತಾರೆ. ಕೈಯೇನು ಬಿದ್ದುಹೋಗುವುದಿಲ್ಲ.

ಈಗ ಸಂತೋಷದ ಸಮಾಚಾರ. ‘ಕಾರ್ಡು ಗಡಿಯಾರದ ಹಾಗೆ ನಡೆಯುತ್ತಿದೆ’ ಎಂಬ ನಿನ್ನ ಸಾಲನ್ನು ಕತ್ತರಿಸಿ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಅದನ್ನು ಓದಿಯೇ ಮೂವರು ಬಂದರು, ಇಟ್ಟಿಗೆ ಕಾರ್ಖಾನೆಯವರು, ಬಿಸ್ಕತ್ತಿನವರು, ಇಲ್ಲಿಯ ದೊಡ್ಡ ಲಾಂಡ್ರಿಯವರು. ಮೂವರ ಕಾರ್ಡಿಗೂ ಅದೇ ಪೊಟ್ಟಣದ ರಿಲೇ ಹಾಕಿಕೊಟ್ಟೆ. ಪರೀಕ್ಷೆಯ ತಾಪತ್ರಯವೇ ಇಲ್ಲ, ನಿನ್ನ ಪ್ರೆಸ್ಸೇ ಪರೀಕ್ಷೆ ಮಾಡಿ ಕೊಟ್ಟಿದೆಯಲ್ಲ.

ಲಾಂಡ್ರಿಯಲ್ಲಿ ಮಂಚದಷ್ಟು ಅಗಲದ ಇಸ್ತ್ರಿ ಪ್ರೆಸ್ಸಿದೆ. ಚಾದರ ಹಾಸಿದರೆ ಮೇಲಿನಿಂದ ಬಿಸಿ ಮುಚ್ಚಳ ಇಳಿಯುತ್ತದೆ. ಅದನ್ನು ನಡೆಸುವ ಹೆಂಗಸಿಗೆ ನಾನು ಡೋಲಮ್ಮ ಎಂದು ಹೆಸರಿಟ್ಟಿದ್ದೇನೆ. ನಾನು ಏನು ಹೇಳಿದರೂ ನಗುತ್ತಾಳೆ, ನಗುವಾಗ ಬಲಗೈಯಿಂದ ಮೇಜಿಗೆ ಬಡಿಯುತ್ತಾಳೆ. ಆ ಬಡಿತ ನೆಲದಿಂದ ನನ್ನ ಅಂಗಾಲಿಗೆ ಬರುತ್ತದೆ. ಕಿವಿ ಹೋದ ಮೇಲೆ ನನಗೆ ಕೇಳಿಸಿದ ನಗು ಅದೊಂದೇ. ಕಾರ್ಡು ಹೇಗಿದೆ ಎಂದು ನೋಡುವ ನೆಪ ಮಾಡಿಕೊಂಡು ಹೋಗಿ ಎರಡು ಜೋಕು ಹೇಳಿ ಬರುತ್ತೇನೆ.

ಸುಣ್ಣ ಒಣಗಿತೇ? ನಿನ್ನ ಅಕ್ಕ ಚೀಲ ಕಟ್ಟಿಟ್ಟುಕೊಂಡಿದ್ದಾಳೆ.

ಭಾವ

---

ಏಪ್ರಿಲ್ 29

ಭಾವನವರಿಗೆ,

ಆ ಮೂರು ಕಾರ್ಡುಗಳನ್ನು ವಾಪಸು ತರಿಸಿ ಒಮ್ಮೆ ನೋಡಿ. ನಮ್ಮಲ್ಲಿ ರಿಲೇ ಸ್ವಲ್ಪ ಬಿಸಿಯಾಗುತ್ತಿದೆ. ಹೆಚ್ಚೇನೂ ಇಲ್ಲ. ಆದರೂ ತರಿಸಿ. ರಿಲೇಯ ಮೇಲೆ ಬರೆದ ಅಂಕಿಯನ್ನು ಅಕ್ಕನ ಕೈಯಲ್ಲಿ ಓದಿಸಿ.

ಸುಣ್ಣ ಒಣಗಿಲ್ಲ.

ತಡಮಾಡಬೇಡಿ, ದಮ್ಮಯ್ಯ.

ಭಾಮೈದ

---

ಮೇ 6

ಭಾಮೈದನಿಗೆ,

ಏಪ್ರಿಲ್ ಹತ್ತಕ್ಕೆ ಗಡಿಯಾರ, ಇಪ್ಪತ್ತೊಂಬತ್ತಕ್ಕೆ ಒಲೆ! ಕುರ್ಚಿ ಸಿಕ್ಕಿದ ಮೇಲೆ ಭಾವನ ಕಾರ್ಡು ಬಿಸಿಯಾಯಿತೇ? ಅಥವಾ ನಿನ್ನ ಸಾಲನ್ನು ಬಾಗಿಲಿಗೆ ಅಂಟಿಸಿದೆನೆಂದು ಮುನಿಸೇ? ನಿನ್ನ ಎಷ್ಟೊತ್ತು ಸಾಹೇಬರು ಹೇಳಿ ಬರೆಸಿದ್ದೂ ಇರಬಹುದು, ಯಾವುದೋ ಕಂಪನಿಯವನು ಹೊಸ ಮಾಲು ತೋರಿಸಿರಬೇಕು.

ರಿಲೇ ಎಂದ ಮೇಲೆ ಬೆಚ್ಚಗಿರುತ್ತದೆ. ಬದುಕಿದ್ದವರೆಲ್ಲ ಬೆಚ್ಚಗಿರುತ್ತಾರೆ.

ಅಂಕಿಯನ್ನು ಅಕ್ಕನ ಕೈಯಲ್ಲಿ ಓದಿಸಬೇಕಂತೆ. ಇದು ಮಾತ್ರ ನನಗೆ ನಾಟಿತು. ನನ್ನ ಕಣ್ಣಿನ ಬಗ್ಗೆ ನಿನಗೆ ಬರೆದದ್ದು ಅವಳೇ ತಾನೇ? ಕಿವಿ ಹೋದವನನ್ನು ಮೇಜಿನಿಂದಲೂ ಎಬ್ಬಿಸಬೇಕೆಂದು ಅಕ್ಕ ತಮ್ಮ ಒಳಸಂಚು ನಡೆಸಿದ್ದೀರಿ. ನಾನು ಆ ಮೇಜಿನಿಂದ ಎದ್ದರೆ ಇನ್ನೆಲ್ಲಿ ಕೂರಲಿ? ಹೇಳು.

ಲಾಂಡ್ರಿಯವರು ನಿನ್ನೆ ಹೇಳಿ ಕಳಿಸಿದ್ದರು, ಮುಚ್ಚಳ ಏರಲು ಸ್ವಲ್ಪ ಸತಾಯಿಸುತ್ತದೆ ಎಂದು. ವಾಲ್ವು ತೊಳೆಸಿ ಎಂದೆ. ಶನಿವಾರ ಹೋಗುತ್ತೇನೆ.

ಭಾವ

---

ಮೇ 12

ಭಾವ,

ನಿಮ್ಮ ಕಾಗದ ಈಗ ಬಂತು. ಇದನ್ನು ಬರೆಯುವ ಮೊದಲು ಓಡಿ ಹೋಗಿ ತಂತಿ ಕಳಿಸಿದ್ದೇನೆ, ಮೂರೂ ಯಂತ್ರ ನಿಲ್ಲಿಸಿ, ಕಾರ್ಡು ಕೀಳಿಸಿ ಎಂದು. ಈ ಕಾಗದ ಮುಟ್ಟುವ ಹೊತ್ತಿಗೆ ನೀವು ಕೀಳಿಸಿರಬೇಕು. ಕೀಳಿಸಿಲ್ಲದಿದ್ದರೆ ಇದನ್ನು ಇಲ್ಲಿಗೇ ಬಿಟ್ಟು ಹೋಗಿ. ಉಳಿದದ್ದನ್ನು ಬಂದು ಓದಿ.

ನನಗೆ ಉಗುರುಸುತ್ತು ಆಗಿಲ್ಲ. ಉಗುರೂ ಇಲ್ಲ, ಬೆರಳೂ ಇಲ್ಲ. ಬಲಗೈ ಮಣಿಕಟ್ಟಿನಿಂದ ಕೆಳಗೆ ಹೋಯಿತು. ಮಾರ್ಚ್ ಇಪ್ಪತ್ತೊಂದು.

ಮುಚ್ಚಳವೊಂದು ಅಡ್ಡ ಸಿಕ್ಕಿ, ವಾಲ್ವಿಗೆ ಎಣ್ಣೆ ನೂಕುವ ಪಂಪು ತಾನೇ ನಿಂತಿತು. ದಿಮ್ಮಿ ಅರ್ಧದಲ್ಲಿ ನೇತಾಡುತ್ತಿತ್ತು. ಮೇನ್ ತೆಗೆಯುವ ಹಾಗಿಲ್ಲ. ಕಪಾಟಿಗೆ ಹೋಗಿ ದೀಪ ನೋಡಿದೆ, ಆರಿತ್ತು. ಬಂದು ಕೈ ಹಾಕಿದೆ. ಸಾಹೇಬರು ಬಂದರು, ‘ಎಷ್ಟೊತ್ತು?’ ಎಂದರು, ಪಂಪಿನ ಗುಂಡಿ ಒತ್ತಿದರು. ಯಾರೂ ಇಳಿ ಎಂದಿರಲಿಲ್ಲ. ದಿಮ್ಮಿ ಇಳಿಯಿತು.

ಯಂತ್ರ ಕೈಕೊಟ್ಟಿತು ಎನ್ನುತ್ತೇವಲ್ಲ, ಎಂಥ ತಪ್ಪು ಮಾತು.

ಆಸ್ಪತ್ರೆಯಿಂದ ಬಂದ ಮೇಲೆ ಕಾರ್ಡು ಕೇಳಿ ತರಿಸಿಕೊಂಡು ಎಡಗೈಯಲ್ಲಿ ಬಿಚ್ಚಿದೆ. ರಿಲೇಯ ಒಳಗಿನ ಎರಡು ತುಟಿ ಕರಗಿ ಅಂಟಿಕೊಂಡಿದ್ದವು. ತಲೆ ಸಾಕು ಎಂದಿದೆ, ದೀಪ ಆರಿದೆ, ಕೈ ಮಾತ್ರ ಬಿಟ್ಟಿಲ್ಲ. ದೀಪ ಹೇಳುವುದು ತಲೆಯ ಮಾತನ್ನು, ಕೈ ಏನು ಮಾಡಿತು ಎಂಬುದನ್ನಲ್ಲ. ಏಟು ಕೊಟ್ಟಾಗೆಲ್ಲ ಆ ಅಂಟು ಬಿಡುತ್ತಿತ್ತು. ನಾವು ಅದನ್ನೇ ಗುಣವಾಯಿತು ಎಂದುಕೊಂಡೆವು. ರಿಲೇಯ ಬೆನ್ನಿನ ಅಂಕಿ ಎಂಟಲ್ಲ, ಭಾವ. ಮೂರು. ಅಷ್ಟು ಸಣ್ಣದಕ್ಕೆ ನಮ್ಮ ವಾಲ್ವಿನ ಭಾರ ತಡೆಯುವುದಿಲ್ಲ.

ಕಾರ್ಖಾನೆಯವರು ವಿಚಾರಣೆ ಮಾಡುತ್ತೇವೆ, ಕಾರ್ಡನ್ನು ಹೊರಗೆ ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಕಳಿಸಿದರೆ ನಿಮ್ಮ ಹೆಸರು ಬರುತ್ತಿತ್ತು. ನನ್ನದೇ ಅಜಾಗರೂಕತೆ ಎಂದು ಬರೆದುಕೊಟ್ಟೆ. ಎಡಗೈಯಲ್ಲಿ ನಾನು ಹಾಕಿದ ಮೊದಲ ಸಹಿ ಅದು. ಅವರಿಗೂ ಅದೇ ಬೇಕಿತ್ತು. ಆಮೇಲೆ ನಿಮಗೆ ಗಡಿಯಾರ ಎಂದು ಬರೆದೆ. ನೀವು ಆ ಸಾಲನ್ನು ಬಾಗಿಲಿಗೆ ಅಂಟಿಸುತ್ತೀರಿ ಎಂದು ನನಗೇನು ಗೊತ್ತು?

ಬಿಸಿಯಾಗುತ್ತಿದೆ ಎಂದು ಬರೆದಾಗಲೇ ಇದನ್ನೆಲ್ಲ ಬರೆಯಬೇಕಿತ್ತು. ಪೆನ್ನು ಮೇಲೇಳಲಿಲ್ಲ.

ಡೋಲಮ್ಮನಿಗೆ ಮೊದಲು ಹೇಳಿ.

---

ಮೇ 25

ಭಾಮೈದನಿಗೆ,

ನಿನ್ನ ತಂತಿ ಬಂದಾಗ ನಾನು ಮನೆಯಲ್ಲಿರಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲಿದ್ದೆ.

ಮೇ ಒಂಬತ್ತು, ಶುಕ್ರವಾರ. ಲಾಂಡ್ರಿಯವರು ಪ್ರೆಸ್ಸು ನಿಲ್ಲಿಸಿದ್ದರು. ಚಾದರ ಸುಕ್ಕಾಗಿತ್ತು. ಡೋಲಮ್ಮ ನೇರ ಮಾಡಲು ಬಲಗೈ ಚಾಚಿದಳು. ಇನ್ನೊಬ್ಬರು ಪಂಪು ಹಾಕಿದರು. ನಿನ್ನದೇ ಕತೆ, ಬಿಸಿಯೊಂದು ಹೆಚ್ಚು. ನಾನು ಶನಿವಾರ ಹೋಗುತ್ತೇನೆ ಎಂದಿದ್ದೆನಲ್ಲ, ಹೋದೆ. ಪ್ರೆಸ್ಸಿನ ಮುಂದೆ ಯಾರೂ ಇರಲಿಲ್ಲ.

ಇಟ್ಟಿಗೆಯವರ, ಬಿಸ್ಕತ್ತಿನವರ ಕಾರ್ಡುಗಳನ್ನು ತಂತಿ ಬಂದ ದಿನವೇ ಕೀಳಿಸಿದೆ. ಅವರು ಬೈದಿರಬೇಕು. ಬಾಯಿ ಆಡುತ್ತಿದ್ದದ್ದು ಕಂಡಿತು. ಲಾಂಡ್ರಿಯದೂ ಸೇರಿ ಮೂರನ್ನೂ ಮೇಜಿನ ಮೇಲಿಟ್ಟು ಭೂತಗನ್ನಡಿ ಹಿಡಿದು ನೋಡಿದೆ, ನನಗೆ ಆಗಲೂ ಎಂಟೇ ಕಂಡಿತು. ನಿನ್ನ ಅಕ್ಕನನ್ನು ಕರೆದು ತೋರಿಸಿದೆ. ಅವಳು ಸ್ಲೇಟು ತೆಗೆದುಕೊಳ್ಳಲಿಲ್ಲ. ಮೂರು ಬೆರಳು ಎತ್ತಿ ಹಿಡಿದಳು. ಬಹಳ ಹೊತ್ತು ಹಾಗೆಯೇ ಹಿಡಿದುಕೊಂಡಿದ್ದಳು.

ಬಲಗಣ್ಣಿಗೆ ಪೊರೆ ಬಂದು ವರ್ಷವಾಯಿತು. ಎಡಗಣ್ಣಿಗೆ ಈಗ ಬರುತ್ತಿದೆ. ಗೊತ್ತಿತ್ತು.

ನಿನ್ನ ಕಾಗದವನ್ನು ಅಕ್ಕನಿಗೆ ಕೊಟ್ಟೆ. ಓದಿ ಒಳಗೆ ಹೋದಳು. ಕಟ್ಟಿಟ್ಟ ಚೀಲ ಹಿಡಿದು ಬಂದು, ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ನನ್ನ ಗಡಿಯಾರ ನೋಡಿದಳು. ಈ ಕಾಗದವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ, ನಾಳೆ ನಿನ್ನ ಮನೆಯಲ್ಲಿರುತ್ತಾಳೆ. ಸುಣ್ಣದ ಕತೆ ಹೇಳಬೇಡ.

ಲಾಂಡ್ರಿಯವರು ಡೋಲಮ್ಮನ ಕೈಯಲ್ಲೂ ಅಜಾಗರೂಕತೆ ಎಂದು ಬರೆಸಿಕೊಳ್ಳಲು ಕಾಗದ ತಂದಿದ್ದರು. ಕಸಿದುಕೊಂಡೆ. ತಪ್ಪು ಕಾರ್ಡಿನದು, ಕಾರ್ಡು ನನ್ನದು ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅದರ ಪ್ರತಿಯನ್ನು ನಿನ್ನ ಕಾರ್ಖಾನೆಗೂ ಕಳಿಸಿದ್ದೇನೆ. ನನ್ನನ್ನು ಏನು ಮಾಡುತ್ತಾರೋ ಮಾಡಲಿ. ನೀನು ಹೋಗಿ ನಿನ್ನ ಸಹಿಯನ್ನು ವಾಪಸು ತೆಗೆದುಕೋ. ನನ್ನನ್ನು ಉಳಿಸಲು ಹೋಗಿ ನೀನು ಏನು ಮಾಡಿದೆ ಎಂದು ನಾನು ಕೇಳುವುದಿಲ್ಲ. ನೀನು ಐಬು ಎಂದಾಗ ನಾನು ಏನು ಮಾಡಿದೆ ಎಂದು ನೀನೂ ಕೇಳಬೇಡ. ಕೇಳಿಕೊಂಡರೆ ನಾವಿಬ್ಬರೂ ಮತ್ತೆ ಕಾಗದ ಬರೆಯಲಾರೆವು.

ಈಗ ಒಂದು ಪ್ರಶ್ನೆ. ತಮಾಷೆಯಲ್ಲ.

ದಿನಾ ಅವಳ ಹಾಸಿಗೆಯ ಪಕ್ಕ ಹೋಗಿ ಕೂರುತ್ತೇನೆ. ಅವಳು ಬೇಡ ಎನ್ನುವುದಿಲ್ಲ, ಬಾ ಎಂದೂ ಅನ್ನುವುದಿಲ್ಲ. ನೋವಿದೆಯಾ ಎಂದು ಕೇಳಿದರೆ ಇಲ್ಲ ಎಂದು ತಲೆಯಾಡಿಸುತ್ತಾಳೆ. ಗಾಯ ಒಣಗುತ್ತಿದೆ ಎಂದು ಡಾಕ್ಟರು ಚೀಟಿಯಲ್ಲಿ ಬರೆದು ತೋರಿಸಿದರು. ಆದರೆ ಅವಳು ನಿದ್ದೆ ಮಾಡುತ್ತಿಲ್ಲ. ಇಲ್ಲದ ಕೈಯ ಕಡೆ ನೋಡುತ್ತಾ ಹಲ್ಲು ಕಚ್ಚುತ್ತಾಳೆ. ಎಲ್ಲ ಸರಿಯಿದೆ, ಏನೋ ಒಂದು ಸರಿಯಿಲ್ಲ. ಜೀವಮಾನವಿಡೀ ದೋಷ ಹುಡುಕಿದವನು ನಾನು, ಇಲ್ಲಿ ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ನಿನಗೆ ಗೊತ್ತಿರುತ್ತದೆ.

ಏನು ಕೇಳಲಿ?

ಭಾವ

---

ಮೇ 30

ಭಾವನವರಿಗೆ,

ಅಕ್ಕ ಬಂದಿದ್ದಾಳೆ. ಬಂದವಳು ನನ್ನ ತೋಳನ್ನು ಮಡಿಲಲ್ಲಿಟ್ಟುಕೊಂಡು ಒಂದು ಮಧ್ಯಾಹ್ನವೆಲ್ಲ ಕೂತಿದ್ದಳು. ಆಮೇಲೆ ಎದ್ದು ನನ್ನ ಹೆಂಡತಿಗೆ ಬೈದಳು, ನನಗೆ ಬೈದಳು, ಇಲ್ಲಿರದಿದ್ದರೂ ನಿಮಗೆ ಬೈದಳು. ಸಹಿ ವಾಪಸು ತೆಗೆದುಕೊಳ್ಳಲು ಅವಳೇ ನನ್ನನ್ನು ಕಾರ್ಖಾನೆಗೆ ಕರೆದುಕೊಂಡು ಹೋದಳು. ಕಾರ್ಡನ್ನು ಅವರ ಮೇಜಿನ ಮೇಲಿಟ್ಟು ಬಂದಿದ್ದೇವೆ. ಮುಂದೇನೋ ಗೊತ್ತಿಲ್ಲ.

ನೀವು ಕೇಳಿದ್ದಕ್ಕೆ.

ನೋವಿದೆಯಾ ಎಂದು ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಇಲ್ಲ ಎನ್ನುತ್ತೇವೆ.

ಹೋದ ಕೈ ಹೋಗಿರುವುದಿಲ್ಲ, ಭಾವ. ಅಲ್ಲೇ ಇರುತ್ತದೆ. ತುರಿಸುತ್ತದೆ. ಕೆರೆದುಕೊಳ್ಳಲು ಹೋದರೆ ಹಾಸಿಗೆ ಸಿಗುತ್ತದೆ. ಕೆಲವು ಸಲ ತಾನೇ ಮುಷ್ಟಿ ಕಟ್ಟುತ್ತದೆ, ಉಗುರು ಅಂಗೈಗೆ ಇಳಿಯುತ್ತದೆ, ಬಿಡಿಸಲಾಗುವುದಿಲ್ಲ. ಇದನ್ನು ನಾನು ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಕೈ ಹೋಯಿತು, ಈಗ ತಲೆಯೂ ಹೋಯಿತು ಎಂದುಕೊಂಡಾಳು ಎಂದು ಸುಮ್ಮನಿದ್ದೆ. ಡೋಲಮ್ಮನೂ ಹೇಳುವುದಿಲ್ಲ.

ನೀವೇ ಕೇಳಿ. ನಿಮ್ಮ ಬಲಗೈಯನ್ನು ಅವಳ ಮುಂದೆ ಬಿಚ್ಚಿ ಹಿಡಿದು, ‘ಯಾವ ಬೆರಳು?’ ಎನ್ನಿ. ಅಷ್ಟೇ ಸಾಕು. ಅವಳು ಬಾಯಿ ಬಿಡಬೇಕಾಗಿಲ್ಲ, ನಿಮಗೆ ಕಿವಿ ಬೇಕಾಗಿಲ್ಲ. ಮುಟ್ಟಿ ತೋರಿಸುತ್ತಾಳೆ. ಮೊದಲ ದಿನ ತೋರಿಸದಿದ್ದರೆ ಮರುದಿನ ಹೋಗಿ ಮತ್ತೆ ಕೈ ಹಿಡಿಯಿರಿ. ತೋರಿಸಿದ ಬೆರಳನ್ನು ಅವಳ ಕಣ್ಣೆದುರೇ ಚೆನ್ನಾಗಿ ಕೆರೆಯಿರಿ. ಮುಷ್ಟಿ ಎಂದು ತೋರಿಸಿದರೆ ನೀವು ಮುಷ್ಟಿ ಕಟ್ಟಿ ಒಂದೊಂದೇ ಬೆರಳು ಬಿಡಿಸಿ.

ಇದರಿಂದ ಕಡಿಮೆಯಾಗುತ್ತದೋ ಇಲ್ಲವೋ ನನಗೆ ತಿಳಿಯದು. ನನಗೆ ಯಾರೂ ಮಾಡಿಲ್ಲ. ಚೆನ್ನಾಗಿದ್ದೇನೆ ಎಂದು ಎಲ್ಲರಿಗೂ ಬರೆದಿದ್ದೆನಲ್ಲ.

ಭಾಮೈದ